ಹೊಸ ಉಪನ್ಯಾಸಕರ ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಒಬ್ಬರು ಬೇಕು

ಹೈಸ್ಕೂಲಿನಲ್ಲಿ ಪಾಠ ಮಾಡಲು ಬಿ.ಎಡ್. ಬೇಕು. ಪದವಿ ಕಾಲೇಜಿಗೆ, ವಿಶ್ವವಿದ್ಯಾಲಯಕ್ಕೆ ಬೇಡ. ಸ್ನಾತಕೋತ್ತರ ಪದವಿಯ ಜೊತೆ ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್ (ರಾಷ್ಟ್ರಮಟ್ಟದ್ದು) ಅಥವಾ ಕೆ-ಸೆಟ್ (ರಾಜ್ಯದ್ದು) ಪಾಸಾಗಿದ್ದರೆ ಅರ್ಹತೆ ಸಿಕ್ಕಿತು. ನೆಟ್‌ನ ಮೊದಲ ಪತ್ರಿಕೆಯ 50 ಪ್ರಶ್ನೆಗಳಲ್ಲಿ ಬೋಧನೆಯ ಘಟಕದ ಪಾಲು 5. ಅವೂ ನಾಲ್ಕರಲ್ಲೊಂದು ಉತ್ತರ ಗುರುತಿಸುವಂಥವು. ಹೀಗೆ ಬಂದ ಹೊಸ ಸಹಾಯಕ ಪ್ರಾಧ್ಯಾಪಕರಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದಂತೆ ವಾರಕ್ಕೆ 16 ಗಂಟೆ ನೇರ ಬೋಧನೆ. ಅವರ ಕೈಲಿರುವ ಬಂಡವಾಳ, ತಮ್ಮ ಮೇಷ್ಟ್ರುಗಳು ಹೇಗೆ ಪಾಠ ಮಾಡುತ್ತಿದ್ದರು ಎಂಬ ನೆನಪು ಮಾತ್ರ.

ತರಬೇತಿ ಇಲ್ಲವೆಂದಲ್ಲ. ಮಾಳವೀಯ ಮಿಷನ್ ಹೆಸರಿನ ಶಿಕ್ಷಕರ ತರಬೇತಿ ಕೇಂದ್ರಗಳಲ್ಲಿ ಹೊಸಬರಿಗೆ ಒಂದು ತಿಂಗಳ ಇಂಡಕ್ಷನ್ ಕಾರ್ಯಕ್ರಮ ಇದೆ, ಅದಕ್ಕೆ ಹೋಗಲೇಬೇಕು. ಆದರೆ ನಿಮ್ಮ ಕಾಲೇಜಿನ ಬಿ.ಕಾಂ. ಮೊದಲ ವರ್ಷದ ‘ಬಿ’ ಸೆಕ್ಷನ್ನಿನಲ್ಲಿ ಊಟದ ನಂತರದ ಪೀರಿಯಡ್ ಏಕೆ ಕೈಗೆ ಸಿಗುತ್ತಿಲ್ಲ ಎಂಬುದು ಆ ಕೇಂದ್ರದಲ್ಲಿ ಕೂತವರಿಗೆ ತಿಳಿಯದು. ಅದನ್ನು ಕಾಣಬಲ್ಲವರು ಅದೇ ವಿಭಾಗದ ಒಬ್ಬ ಹಿರಿಯ ಸಹೋದ್ಯೋಗಿ, ಅದೂ ಆ ಕ್ಲಾಸಿನಲ್ಲೇ ಕೂತಾಗ. ಆ ಹಿರಿಯರು ನೀವಾದರೆ, ಹೀಗೆ ಕೂತು ನೋಡುವುದನ್ನು ಸರಿಯಾಗಿ ಮಾಡುವ ಕ್ರಮ ಇದು.

ಹಿಂದಿನ ದಿನ ಹೊಸಬರ ಜೊತೆ ಹದಿನೈದು ನಿಮಿಷ ಮಾತಾಡಿ. ಕೇಳಬೇಕಾದ್ದು ಮೂರು: ಪೀರಿಯಡ್ ಮುಗಿದಾಗ ವಿದ್ಯಾರ್ಥಿಗೆ ಏನು ಮಾಡಲು ಬರಬೇಕು, ಅವರು ಎಲ್ಲಿ ಎಡವಬಹುದು, ನಾನು ಏನನ್ನು ಗಮನಿಸಲಿ. ಮೊದಲ ಪ್ರಶ್ನೆಗೆ ಬರುವ ಉತ್ತರ ಸಾಮಾನ್ಯವಾಗಿ “ಎರಡನೇ ಯೂನಿಟ್ ಅರ್ಧ ಮುಗಿಸಬೇಕು” ಎಂದು. ಅದು ಮೇಷ್ಟ್ರ ಕೆಲಸವಾಯಿತು, ಮಕ್ಕಳದ್ದಲ್ಲ. ಬೇಡಿಕೆಯ ಸ್ಥಿತಿಸ್ಥಾಪಕತ್ವದ (ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದರ) ಪಾಠವಾದರೆ ಗುರಿ ಹೀಗಿರಲಿ: ಬೆಲೆ ಕಿಲೋಗೆ 20 ರೂಪಾಯಿಯಿಂದ 25ಕ್ಕೆ ಏರಿ, ಮಾರಾಟ 100 ಕಿಲೋದಿಂದ 90ಕ್ಕೆ ಇಳಿದರೆ, ಬೆಲೆ ಶೇ. 25 ಏರಿದೆ, ಬೇಡಿಕೆ ಶೇ. 10 ಇಳಿದಿದೆ, 10ನ್ನು 25ರಿಂದ ಭಾಗಿಸಿದರೆ ಉತ್ತರ 0.4 ಎಂದು ವಿದ್ಯಾರ್ಥಿಯೇ ಲೆಕ್ಕ ಹಾಕಿ, ಅದರ ಅರ್ಥ ಹೇಳಬೇಕು. ಗುರಿ ಇಷ್ಟು ಖಚಿತವಾದರೆ ಅರ್ಧ ಪಾಠ ತಾನಾಗಿಯೇ ಉದುರಿಹೋಗುತ್ತದೆ. ಒಂದು ಗಂಟೆಯ ಪೀರಿಯಡ್ಡಿಗೆ ನಲವತ್ತು ನಿಮಿಷದ ಸರಕು ಸಾಕು. ಹೊಸಬರು ತರುವುದು ಎರಡು ಗಂಟೆಯದ್ದು.

ಕ್ಲಾಸಿನ ದಿನ ಮೇಷ್ಟ್ರಿಗಿಂತ ಐದು ನಿಮಿಷ ಮೊದಲೇ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಿ. ಹಾಳೆಯಲ್ಲಿ ಎರಡೇ ಕಾಲಂ: ಸಮಯ, ನಡೆದದ್ದು. ‘ಚೆನ್ನಾಗಿತ್ತು’, ‘ನೀರಸ’ ಎಂಬ ತೀರ್ಪುಗಳು ಬೇಡ. ಒಂದು ಮಾದರಿ:

10:05 ಹಾಜರಿ ಶುರು. 10:12 ಹಾಜರಿ ಮುಗಿಯಿತು.
10:14ರಿಂದ 10:29 ವ್ಯಾಖ್ಯೆ, ನೋಟ್ಸ್ ಡಿಕ್ಟೇಶನ್. ಹಿಂದಿನ ಮೂರು ಬೆಂಚು ಬರೆಯುತ್ತಿಲ್ಲ.
10:30 “ಅರ್ಥ ಆಯ್ತಾ?” ಮುಂದಿನ ಎರಡು ಬೆಂಚಿನಿಂದ “ಆಯ್ತು ಸರ್”. ಮುಂದಿನ ವಿಷಯ.
10:41 ಸೂತ್ರ ಬೋರ್ಡಿನ ಕೆಳತುದಿಯಲ್ಲಿ. ಹಿಂದಿನವರಿಗೆ ಮುಂದಿನವರ ತಲೆ ಅಡ್ಡ.
10:44 ಪ್ರಶ್ನೆ ಕೇಳಿದರು. ಒಂದು ಸೆಕೆಂಡಿನಲ್ಲಿ ತಾವೇ ಉತ್ತರ ಹೇಳಿದರು.

ಈ ಹಾಳೆಯಲ್ಲಿ ಎಲ್ಲವೂ ಇದೆ. ಹಾಜರಿಗೆ ಏಳು ನಿಮಿಷ ಹೋಗಿದೆ. ಲೆಕ್ಕವೊಂದನ್ನು ಕೊಟ್ಟು, ಮಕ್ಕಳು ಅದನ್ನು ಮಾಡುತ್ತಿರುವಾಗ ಹಾಜರಿ ಹಾಕಿಕೊಂಡರೆ ಆ ಸಮಯ ಉಳಿಯುತ್ತದೆ. ಬೋರ್ಡಿನ ಕೆಳಗಿನ ಒಂದಡಿ ಹಿಂದಿನವರಿಗೆ ಕಾಣದು, ಅಲ್ಲಿ ಬರೆಯಲೇಬಾರದು. ಅಕ್ಷರದ ಅಳತೆ ಸರಿಯಿದೆಯೇ ಎಂದು ತಿಳಿಯಲು, ಖಾಲಿ ಕೋಣೆಯಲ್ಲಿ ಒಂದು ಸಾಲು ಬರೆದು ಕೊನೆಯ ಬೆಂಚಿಗೆ ಹೋಗಿ ತಾವೇ ಓದಿ ನೋಡಬೇಕು.

10:44ರ ಸಾಲು ಎಲ್ಲಕ್ಕಿಂತ ಮುಖ್ಯ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಶಾಲಾ ತರಗತಿಗಳ ಧ್ವನಿಮುದ್ರಣ ಕೇಳಿ ತೋರಿಸಿದ್ದು ಇದನ್ನೇ: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸುಮಾರು ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೂ ಉತ್ತರಗಳು ಉದ್ದವಾಗುತ್ತವೆ, ಬಾಯಿ ತೆರೆಯುವವರ ಸಂಖ್ಯೆ ಹೆಚ್ಚುತ್ತದೆ. ನಮ್ಮ ಪದವಿ ತರಗತಿಗಳಲ್ಲಿ ಇನ್ನೂ ಹೆಚ್ಚು ಕಾಯಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿ ಇಂಗ್ಲಿಷ್ ಪ್ರಶ್ನೆಯನ್ನು ಮೊದಲು ಕನ್ನಡಕ್ಕೆ ತಂದುಕೊಂಡು, ಯೋಚಿಸಿ, ಉತ್ತರವನ್ನು ಮತ್ತೆ ಇಂಗ್ಲಿಷಿಗೆ ಒಯ್ಯಬೇಕು. ಆ ಮೌನವನ್ನು ದಡ್ಡತನ ಎಂದುಕೊಳ್ಳುವುದು ದೊಡ್ಡ ಅನ್ಯಾಯ.

ಆದ್ದರಿಂದ “ಅರ್ಥ ಆಯ್ತಾ?” ಬಿಟ್ಟು ಹೀಗೆ ಮಾಡಿಸಿ. “ಟೊಮೆಟೊ ರೇಟು ಏರಿದರೆ ಮನೆಯಲ್ಲಿ ಸಾರಿಗೆ ಏನು ಹಾಕ್ತಾರೆ? ಉಪ್ಪಿನ ರೇಟು ಏರಿದರೆ?” ಎಂದು ಬೋರ್ಡಿನ ಮೇಲೆ ಬರೆಯಿರಿ. ಒಂದು ನಿಮಿಷ ಒಬ್ಬೊಬ್ಬರೇ ನೋಟ್‌ಬುಕ್ಕಿನಲ್ಲಿ ಬರೆಯಲಿ, ಒಂದು ನಿಮಿಷ ಪಕ್ಕದವರ ಜೊತೆ ಕನ್ನಡದಲ್ಲೇ ಮಾತಾಡಲಿ. ಆಮೇಲೆ ಮಧ್ಯದ ಸಾಲಿನಿಂದ ಒಬ್ಬರನ್ನು ಕೇಳಿ. “ಹುಣಸೆಹಣ್ಣು ಹಾಕ್ತೀವಿ, ಉಪ್ಪಿಗೆ ಬದಲಿಲ್ಲ” ಎಂಬ ಉತ್ತರ ಬಂತೆಂದರೆ ಪಾಠದ ತಿರುಳು ಬಂದಂತೆಯೇ. ಆ ಮಾತಿನ ಪಕ್ಕದಲ್ಲೇ ‘ಇಲಾಸ್ಟಿಸಿಟಿ’ (ಸ್ಥಿತಿಸ್ಥಾಪಕತ್ವ) ಎಂಬ ಪದ ಬರೆಯಿರಿ. ವ್ಯಾಖ್ಯೆ ಆಮೇಲೆ.

ಕ್ಲಾಸಿನ ನಂತರದ ಮಾತು ಅದೇ ದಿನ ಅಥವಾ ಮರುದಿನ ಆಗಬೇಕು. ವಾರ ಕಳೆದರೆ ಇಬ್ಬರಿಗೂ ಮರೆತಿರುತ್ತದೆ. ಸ್ಟಾಫ್ ರೂಮಿನಲ್ಲಿ ಎಲ್ಲರ ಕಿವಿಗೆ ಬೀಳುವಂತೆ ಬೇಡ. “ಹೇಗನ್ನಿಸಿತು?” ಎಂದರೆ “ಪರವಾಗಿಲ್ಲ ಸರ್” ಎನ್ನುತ್ತಾರೆ. “ಯಾವ ಹೊತ್ತಿಗೆ ಮಕ್ಕಳು ಕೈತಪ್ಪಿ ಹೋದರು ಅನ್ನಿಸಿತು?” ಎಂದು ಕೇಳಿ, ಆಮೇಲೆ ಹಾಳೆಯನ್ನು ಅವರ ಮುಂದಿಡಿ. ಬಹಳಷ್ಟನ್ನು ಅವರೇ ಕಂಡುಕೊಳ್ಳುತ್ತಾರೆ. ಹತ್ತು ಸಲಹೆ ಕೊಡುವ ಆಸೆಯನ್ನು ತಡೆದುಕೊಳ್ಳಬೇಕು. ಒಂದೇ ಬದಲಾವಣೆ ಆರಿಸಿ, ಎರಡು ವಾರ ಬಿಟ್ಟು ಮತ್ತೆ ಬಂದು ಅದನ್ನೊಂದನ್ನೇ ನೋಡಿ.

ಇಡೀ ಏರ್ಪಾಡು ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಹಾಳೆ ಪ್ರಿನ್ಸಿಪಾಲರ ಮೇಜಿಗೆ ಹೋಗುತ್ತದೆ. ಪ್ರೊಬೇಷನ್ ವರದಿಗೆ ಅದು ಸೇರುತ್ತದೆಂದು ಗೊತ್ತಾದ ಕ್ಷಣವೇ ಹೊಸಬರು ತೋರಿಕೆಯ ಪಾಠ ಮಾಡತೊಡಗುತ್ತಾರೆ, ಕಷ್ಟವಾಗುತ್ತಿರುವ ಕ್ಲಾಸಿಗೆ ಕರೆಯುವುದೇ ಇಲ್ಲ. ಹಾಳೆ ಹೊಸಬರ ಸ್ವತ್ತು, ನಕಲು ಬೇಡ. ಗೌಪ್ಯ ವರದಿ ಬರೆಯುವ ವಿಭಾಗದ ಮುಖ್ಯಸ್ಥರು (ಎಚ್‌ಒಡಿ) ವೀಕ್ಷಕರಾಗಬಾರದು. ಪಾಠದ ನಡುವೆ ತಪ್ಪೊಂದು ಕಂಡರೂ ಎದ್ದು ತಿದ್ದಬಾರದು. ಆಮೇಲೆ ಹೇಳಿದರೆ ಮುಂದಿನ ಪೀರಿಯಡ್ಡಿನಲ್ಲಿ ಅವರೇ ಸರಿಪಡಿಸಿಕೊಳ್ಳುತ್ತಾರೆ, ಮಕ್ಕಳ ಮುಂದೆ ಅವರ ಮರ್ಯಾದೆಯೂ ಉಳಿಯುತ್ತದೆ.

ಸೆಮಿಸ್ಟರ್ ಶುರುವಾಗುವ ಮೊದಲು ಬಿ.ಎಡ್. ಕಾಲೇಜುಗಳ ಸೂಕ್ಷ್ಮ ಬೋಧನೆಯನ್ನು, ಎಂದರೆ ಚಿಕ್ಕ ಪಾಠ ಮಾಡಿ ತಿದ್ದಿಕೊಳ್ಳುವ ಅಭ್ಯಾಸವನ್ನು, ಎರವಲು ಪಡೆಯಬಹುದು. 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ (ನೋಡಿದವರ ಅಭಿಪ್ರಾಯ), 12 ನಿಮಿಷ ಮರುಯೋಜನೆ, 6 ನಿಮಿಷ ಮರುಪಾಠ, ಮತ್ತೆ 6 ನಿಮಿಷ ಹಿಮ್ಮಾಹಿತಿ, ಒಟ್ಟು 36 ನಿಮಿಷ. ಪಾಠದ ಆರಂಭವನ್ನೋ, ಪ್ರಶ್ನೆ ಕೇಳುವುದನ್ನೋ, ಒಂದೇ ಕೌಶಲ ಹಿಡಿದು ಮಾಡಿಸಿ.

ಹಿರಿಯರು ಬರಲಾಗದ ವಾರಗಳಲ್ಲಿ ಕಾಲು ಹಾಳೆಯ ಚೀಟಿ ಸಾಕು. ಕೊನೆಯ ಮೂರು ನಿಮಿಷದಲ್ಲಿ, ಹೆಸರಿಲ್ಲದೆ, ಯಾವ ಭಾಷೆಯಲ್ಲಾದರೂ, ಅರ್ಥವಾಗದ ಒಂದು ಸಂಗತಿ ಬರೆಸಿ. ಅರವತ್ತು ಚೀಟಿಗಳನ್ನು ಗುಂಪು ಮಾಡಲು ಹತ್ತು ಹದಿನೈದು ನಿಮಿಷ ಸಾಕು. ದೊಡ್ಡ ಗುಂಪಿನಿಂದಲೇ ಮರುದಿನದ ಪಾಠ ಶುರುವಾಗಲಿ. ಸಂಗ್ರಹಿಸಿ ಸುಮ್ಮನಾದರೆ ಮೂರನೇ ಸಲಕ್ಕೆ ಖಾಲಿ ಚೀಟಿ ಬರುತ್ತದೆ.

ಇನ್ನೊಂದು. ಮೊದಲ ಭೇಟಿಗೆ ಮುಂಚೆ ಹೊಸಬರನ್ನೇ ಹಿರಿಯರು ತಮ್ಮ ಕ್ಲಾಸಿಗೆ ಕರೆದು, ಅದೇ ಎರಡು ಕಾಲಂಗಳ ಹಾಳೆ ಕೊಟ್ಟು ಹಿಂದಿನ ಬೆಂಚಿನಲ್ಲಿ ಕೂರಿಸಬೇಕು. ಹಿರಿಯರ ಪಾಠದಲ್ಲೂ ಹಾಜರಿಗೆ ಎಷ್ಟು ನಿಮಿಷ ಹೋಯಿತು, ಪ್ರಶ್ನೆ ಕೇಳಿ ಎಷ್ಟು ಸೆಕೆಂಡು ಕಾದರು ಎಂದು ಅವರು ಬರೆದುಕೊಂಡು ಬರಲಿ.