ಎಲ್ಲರೂ ಮನೆಗೆ ಬಂದ ಊರು

ಮಂಗಳವಾರದಿಂದ ಆ ಅಜ್ಜಿಯ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ: "ಎಲ್ಲರೂ ಮನೆಗೆ ಬಂದರು."

ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಗುಡ್ಡಸೀಮೆಯ ಬೋರ್ಟನ್ ಊರಿನಲ್ಲಿ ಜನವೋ ಜನ. ಹೊಳೆ ದಂಡೆಯ ಹುಲ್ಲಿನ ಮೇಲೆ, ಯುದ್ಧದಲ್ಲಿ ಮಡಿದ ಊರಿನವರ ನೆನಪಿನ ಶಿಲುಬೆ. ಇಂಗ್ಲೆಂಡಿನ ಹಳ್ಳಿ ಹಳ್ಳಿಯಲ್ಲೂ ಇಂಥದ್ದೊಂದು ಕಂಡಿದ್ದೆ. ಅಲ್ಲಿಂದ ಮಗಳೊಂದಿಗೆ ಕಾಲುದಾರಿ ಹಿಡಿದು ಅಪ್ಪರ್ ಸ್ಲಾಟರ್‌ಗೆ ನಡೆದೆ. ಸ್ಲಾಟರ್ ಎಂದರೆ ಇಂದಿನ ಇಂಗ್ಲಿಷಿನಲ್ಲಿ ಕಗ್ಗೊಲೆ, ಆದರೆ ಹೆಸರು ಕೇಳಿ ಬೆಚ್ಚಬೇಕಿಲ್ಲ, ಹಳೆಯ ಇಂಗ್ಲಿಷಿನಲ್ಲಿ ಅದು ಕೆಸರುನೆಲವಂತೆ. ಜೇನುಬಣ್ಣದ ಕಲ್ಲಿನ ಮನೆಗಳು. ದಾರಿಗೆ ಅಡ್ಡವಾಗಿ 'ಐ' ಎಂಬ ಹೊಳೆ, ಪಾದ ಮುಳುಗುವಷ್ಟೇ ನೀರು, ತಳದ ಒಂದೊಂದು ಕಲ್ಲೂ ಕಾಣುತ್ತದೆ.

ಬೇಲಿಯ ಬಳಿ ಗುಲಾಬಿ ಗಿಡ ಸವರುತ್ತಿದ್ದ ಅಜ್ಜಿಯನ್ನು ಕೇಳಿದೆ, ಇಲ್ಲಿನ ಸ್ಮಾರಕ ಎಲ್ಲಿ? ಕತ್ತರಿ ನಿಂತಿತು. "ಇಲ್ಲ. ಎಲ್ಲರೂ ಮನೆಗೆ ಬಂದರು."

ಎರಡೂ ಮಹಾಯುದ್ಧಗಳಿಂದ! 1944ರಲ್ಲಿ ಊರ ಮೇಲೇ ಬಾಂಬು ಬಿದ್ದಾಗಲೂ ಒಂದು ಜೀವ ಹೋಗಲಿಲ್ಲ. ಮೊದಲ ಮಹಾಯುದ್ಧದಲ್ಲಿ ಹೀಗೆ ಮಕ್ಕಳನ್ನು ಕಳೆದುಕೊಳ್ಳದ ಊರುಗಳನ್ನು 1930ರ ದಶಕದಲ್ಲಿ ಆರ್ಥರ್ ಮೀ ಎಂಬ ಲೇಖಕ 'ಥ್ಯಾಂಕ್‌ಫುಲ್ ವಿಲೇಜ್', ಅಂದರೆ ಕೃತಜ್ಞ ಹಳ್ಳಿ, ಎಂದು ಕರೆದರು. ಹೋಗಿ ಬಂದವರ ಹೆಸರು ಊರ ಸಭಾಭವನದ ಮರದ ಫಲಕದಲ್ಲಿದೆ.

"ಎಂಥಾ ಪುಣ್ಯವಂತರು" ಎಂದಳು ಮಗಳು. ಅಜ್ಜಿ ತಲೆಯಾಡಿಸಲಿಲ್ಲ. "ಪಕ್ಕದ ಊರುಗಳ ತಾಯಂದಿರ ಮುಖ ನೋಡಲು ನಮ್ಮಮ್ಮನಿಗೆ ಆಗುತ್ತಿರಲಿಲ್ಲ" ಎಂದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆಗಲೇ. ತಮ್ಮ ಮನೆಯ ದೀಪ ಉಳಿದಿತ್ತು, ಆದರೂ ನೆರೆಮನೆಯ ಕತ್ತಲೆಗೆ ನೊಂದ ಜನ.

ನಮ್ಮೂರ ಕೆರೆ ಏರಿಯ ಮೇಲೊಂದು ವೀರಗಲ್ಲಿದೆ. ತುರು ಬಿಡಿಸಿಕೊಂಡು ಬರಲು ಹೋಗಿ ಸತ್ತವನದು. ಚಿಕ್ಕವಳಿದ್ದಾಗ ಅದಕ್ಕೆ ಹೂವಿಡುತ್ತಿದ್ದೆ. ಬದುಕಿ ಬಂದವನಿಗೆ ಕಲ್ಲಿಲ್ಲ, ಅವನಿಗೆ ಬೇಕೂ ಇಲ್ಲ. ಆದರೆ ಬರ್ಮಾ ಯುದ್ಧಕ್ಕೆ ಹೋದ ನಮ್ಮ ಚಿಕ್ಕಜ್ಜ? ಅವರು ಬರಲೂ ಇಲ್ಲ, ನಮ್ಮೂರಲ್ಲಿ ಅವರಿಗೊಂದು ಕಲ್ಲೂ ಏಳಲಿಲ್ಲ. ಅವರ ಅವ್ವ ಸಾಯುವವರೆಗೂ ರಾತ್ರಿ ಬಾಗಿಲಿಗೆ ಅಗುಳಿ ಹಾಕಲು ಬಿಡುತ್ತಿರಲಿಲ್ಲವಂತೆ.

ಇದನ್ನೆಲ್ಲ ಹೇಳಿಬಿಟ್ಟೆ, ಗುರುತು ಪರಿಚಯವಿಲ್ಲದ ಆ ಹೆಂಗಸಿಗೆ. ಮಗಳು ಮುಜುಗರದಿಂದ ಹೊಳೆಯ ಕಡೆ ತಿರುಗಿದಳು. ಅಜ್ಜಿ ಕೈಗವಸು ಕಳಚಿ, ಚಿಕ್ಕಜ್ಜನ ಹೆಸರೇನೆಂದು ಕೇಳಿದರು. ಹೇಳಿದೆ. ಮೊದಲ ಸಲ ನಾಲಿಗೆ ತಿರುಗಲಿಲ್ಲ. ಎರಡನೆಯ ಸಲ, ನಿಧಾನವಾಗಿ, ಸರಿಯಾಗಿ ಹೇಳಿದರು.