ನಂಬರ್ ಎಷ್ಟು ಬಂತು?

ಲ್ಯಾಬಿನ ಮೇಷ್ಟ್ರು ತೀರಿಕೊಂಡ ರಾತ್ರಿ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಸಂತಾಪಗಳ ನಡುವೆ ಯಾರೋ ಒಂದೇ ಸಾಲು ಹಾಕಿದರು: "ನಂಬರ್ ಎಷ್ಟು ಬಂತು?" ಎಲ್ಲರಿಗೂ ಗೊತ್ತಾಯಿತು. "ಸಾರ್, ಓಡ್ತಿಲ್ಲ" ಅಂದವರಿಗೆ ಮೇಷ್ಟ್ರು ಮೊದಲು ಕೇಳುತ್ತಿದ್ದದ್ದು ಅದನ್ನೇ. ನಂಬರ್ ಅಂದರೆ ನಾವು ಕೇಳಿದ್ದಕ್ಕೆ ವೆಬ್ ಸರ್ವರ್ ಉತ್ತರದ ಜೊತೆ ಕಳಿಸುವ ಮೂರಂಕಿಯ ಸಂಕೇತ. 404 ಅಂದರೆ ವಿಳಾಸ ತಪ್ಪು. 405 ಅಂದರೆ ವಿಳಾಸ ಸರಿ, ಮೆಥಡ್ (ಕೇಳುವ ಬಗೆ) ತಪ್ಪು. 500 ಅಂದರೆ "ನಿನ್ನ ಪೈಥಾನ್ ಕೋಡೇ ಮುಗ್ಗರಿಸಿದೆ, ಟರ್ಮಿನಲ್ಲಿನ ಕೊನೇ ಸಾಲು ಓದು."

ವೆಬ್ ಎಪಿಐ, ಅಂದರೆ ಒಂದು ಪ್ರೋಗ್ರಾಂ ಇನ್ನೊಂದರಿಂದ ವೆಬ್ ಮೂಲಕ ಮಾಹಿತಿ ಕೇಳುವ ದಾರಿ, ಸಿಲಬಸ್ಸಿನಲ್ಲಿರಲಿಲ್ಲ. ಇದ್ದದ್ದೇನೋ ಈಗ ಯಾರಿಗೂ ನೆನಪಿಲ್ಲ. ಆರ್ಮಿನ್ ರೊನಾಕರ್ 2010ರಲ್ಲಿ ಏಪ್ರಿಲ್ ಫೂಲ್ ತಮಾಷೆಗೆ ಬರೆದದ್ದು ಬೆಳೆದು ಪೈಥಾನಿನಲ್ಲಿ ವೆಬ್ ಸೇವೆ ಕಟ್ಟುವ ಸಲಕರಣೆ ಫ್ಲಾಸ್ಕ್ ಆಯಿತಲ್ಲ, ಅದನ್ನು ಹಿಡಿದು ಮೇಷ್ಟ್ರು ಶನಿವಾರ ಮಧ್ಯಾಹ್ನಗಳಲ್ಲಿ ಲೈಬ್ರರಿಯ ಪುಸ್ತಕಪಟ್ಟಿಗೆ ಎಪಿಐ ಕಟ್ಟಿಸಿದರು. ಮೊದಲು ವರ್ಚುವಲ್ ಎನ್ವಿರಾನ್‌ಮೆಂಟ್ (ಈ ಕೆಲಸಕ್ಕೆಂದೇ ಬೇರೆ ಇಟ್ಟ ಪೈಥಾನ್ ಜಾಗ), ಅದರೊಳಗೆ ಪಿಪ್ ಎಂಬ ಇನ್‌ಸ್ಟಾಲರಿನಿಂದ ಫ್ಲಾಸ್ಕ್, ಕೊನೆಗೆ ಒಂದೇ ಒಂದು ಪೈಥಾನ್ ಫೈಲ್. ಆ ಫೈಲಿಗೆ 'ಫ್ಲಾಸ್ಕ್' ಅಂತಲೇ ಹೆಸರಿಟ್ಟವರು ಪ್ರತಿ ವರ್ಷ ಇಬ್ಬರಾದರೂ ಇರುತ್ತಿದ್ದರು. ಇಂಪೋರ್ಟ್ ಮಾಡಿದರೆ ನಿಜವಾದ ಫ್ಲಾಸ್ಕಿನ ಬದಲು ಆ ಫೈಲು ತನ್ನನ್ನೇ ಕರೆದುಕೊಂಡು ಎಡವುತ್ತದೆ. ಹೆಸರು ಬದಲಿಸಿದರೆ ಸರಿಹೋಯಿತು.

ಮೆಥಡ್‌ಗಳು ಹೀಗೆ: ಪಟ್ಟಿ ನೋಡಲು ಗೆಟ್, ಸೇರಿಸಲು ಪೋಸ್ಟ್, ತಿದ್ದಲು ಪುಟ್, ಅಳಿಸಲು ಡಿಲೀಟ್. ಸೇರಿಸಿದರೆ 201, ಅಳಿಸಿದರೆ 204. "204 ಕಳಿಸಿ ಒಳಗೆ 'ಅಳಿಸಲಾಗಿದೆ' ಅಂತ ಬರೆದರೆ ಓದೋರ್ಯಾರಪ್ಪ?" ಅನ್ನುತ್ತಿದ್ದರು, ಆ ಉತ್ತರಕ್ಕೆ ಒಡಲೇ ಇರುವುದಿಲ್ಲ.

ಒಬ್ಬ ಡಿಲೀಟ್ ಮೆಥಡ್ ಯಾಕೆ ಅಂತ ಅಳಿಸುವ ಕೆಲಸವನ್ನೂ ಗೆಟ್‌ಗೇ ಕೊಟ್ಟ; ಬ್ರೌಸರಿನಲ್ಲಿ ವಿಳಾಸ ತೆರೆದರೆ ಹೋಗುವುದೇ ಗೆಟ್. ಲ್ಯಾಬಿಗೆಲ್ಲ ಕಾಣಲಿ ಎಂದು ಹೋಸ್ಟ್ 0.0.0.0 ಬೇರೆ. ಹಿಂದಿನ ಬೆಂಚಿನವರು ಅವನ ಕಂಪ್ಯೂಟರಿನ ಐಪಿ ವಿಳಾಸ, 5000 ಪೋರ್ಟ್ ಬ್ರೌಸರಿಗೆ ಹಾಕಿ ಕೊನೆಯಲ್ಲಿ ಪುಸ್ತಕದ ಸಂಖ್ಯೆಯನ್ನು 1, 2, 3 ಎಂದು ಬದಲಿಸುತ್ತಾ ಇಡೀ ಲೈಬ್ರರಿ ಖಾಲಿ ಮಾಡಿದರು. ಮೇಷ್ಟ್ರು ಬೈಯಲಿಲ್ಲ. "ಇವರು ಬಿಟ್ಟಿದ್ರೂ ಸರ್ಚ್ ಇಂಜಿನ್ನಿನ ಬಾಟ್ ಬಂದು ಪ್ರತಿ ಲಿಂಕನ್ನೂ ಒತ್ತಿ ಅಳಿಸ್ತಿತ್ತು" ಅಂದರು. ಗೆಟ್ ಏನನ್ನೂ ಬದಲಿಸಬಾರದು ಎಂಬುದು ಆ ಬ್ಯಾಚಿಗೆ ಹತ್ತಿದ್ದು ಹೀಗೆ.

ಪುಸ್ತಕಗಳನ್ನು ಪೈಥಾನ್ ಲಿಸ್ಟಿನಲ್ಲಿಟ್ಟರೆ ಸರ್ವರ್ ಮತ್ತೆ ಶುರುವಾದಾಗ ಎಲ್ಲ ಮಾಯ. ಡಿಬಗ್ ಮೋಡಿನಲ್ಲಂತೂ ಫೈಲ್ ಸೇವ್ ಮಾಡಿದಾಗಲೆಲ್ಲ. ಹಾಗಾಗಿ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿಗೆ ಹೋದೆವು. ಕನೆಕ್ಷನ್ ಅನ್ನು ಫೈಲಿನ ತಲೆಯಲ್ಲೇ ತೆರೆದಿಟ್ಟರೆ ಬೇರೆ ಥ್ರೆಡ್ (ಜೊತೆಗೇ ಓಡುವ ಕೆಲಸದ ಇನ್ನೊಂದು ಎಳೆ) ಮುಟ್ಟಿದೊಡನೆ ದೋಷ ಬರುತ್ತದೆ. ಪ್ರತಿ ರಿಕ್ವೆಸ್ಟಿಗೂ ತೆರೆದು ಮುಚ್ಚಬೇಕು. ಡೇಟಾಬೇಸಿಗೆ ಕಳಿಸುವ ಆಜ್ಞೆಯಲ್ಲಿ ಮೌಲ್ಯಗಳ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ. ಮೌಲ್ಯವನ್ನೇ ಆಜ್ಞೆಗೆ ಅಂಟಿಸಿದವರಿಗೆ ಮೇಷ್ಟ್ರು ಅಂಕ ಕೊಡುತ್ತಿರಲಿಲ್ಲ. ಅವರ ನಂಬರ್ ಸಿದ್ಧಾಂತ ಕೈಕೊಟ್ಟದ್ದೂ ಇಲ್ಲೇ: ಪೋಸ್ಟ್‌ಗೆ 201 ಬರುತ್ತಿತ್ತು, ಪುಸ್ತಕ ಮಾತ್ರ ಇರುತ್ತಿರಲಿಲ್ಲ. ಬದಲಾವಣೆ ಉಳಿಸುವ ಆಜ್ಞೆಯಾದ ಕಮಿಟ್ ಮರೆತಿದ್ದರೆ ಕನೆಕ್ಷನ್ ಮುಚ್ಚುವಾಗ ಸೇರಿಸಿದ್ದೆಲ್ಲ ಹೋಗುತ್ತದೆ, ಫ್ಲಾಸ್ಕ್‌ಗೆ ಅದರ ಸುಳಿವೇ ಇರುವುದಿಲ್ಲ. "ನಂಬರ್ ನೋಡು, ಆಮೇಲೆ ಟೇಬಲ್ಲನ್ನೂ ನೋಡು" ಅಂತ ತಿದ್ದಿಕೊಂಡರು.

ಈಗಿನ ಮಕ್ಕಳಿಗೆ ಕೋಡ್ ಕೇಳಿದ ಕ್ಷಣದಲ್ಲಿ ಸಿಗುತ್ತದೆ. ಎಷ್ಟು ಹಳೆಯದು ಎಂದು ಯಾರೂ ಕೇಳುವುದಿಲ್ಲ. ಕನ್ನಡ ಹೆಸರುಗಳನ್ನೇ ನೋಡಿ. ಫ್ಲಾಸ್ಕ್ ತಾನಾಗಿ 'ಕ' ಅಕ್ಷರವನ್ನು ಜೇಸನ್‌ನಲ್ಲಿ (ಎಪಿಐ ಮಾಹಿತಿ ಕಳಿಸುವ ಪಠ್ಯರೂಪ) ಬ್ಯಾಕ್‌ಸ್ಲ್ಯಾಶ್ ಯು 0ಸಿ95 ಎಂದು ಬರೆಯುತ್ತದೆ. ತಪ್ಪೇನಲ್ಲ, ಓದುವ ಪ್ರೋಗ್ರಾಂ ಅದನ್ನು ಮತ್ತೆ 'ಕ' ಮಾಡಿಕೊಳ್ಳುತ್ತದೆ; ಆದರೆ ಯುಟಿಎಫ್-8 ಅಕ್ಷರ ಸಂಕೇತದಲ್ಲಿ 3 ಬೈಟಿಗೆ ಮುಗಿಯುವುದು 6 ಹಿಡಿಯುತ್ತದೆ, ಉತ್ತರವನ್ನು ಇದ್ದ ಹಾಗೇ ತೋರಿಸುವ ಕರ್ಲ್‌ನಲ್ಲಿ ನೋಡಿದರೆ ಕಣ್ಣಿಗೆ ಹಿಂಸೆ. ನಮ್ಮ ಕಾಲದಲ್ಲಿ ಫ್ಲಾಸ್ಕಿನ ಸೆಟ್ಟಿಂಗುಗಳ ಪಟ್ಟಿಯಾದ ಕಾನ್ಫಿಗ್‌ನ 'ಜೇಸನ್ ಆ್ಯಸ್ ಆಸ್ಕಿ'ಯನ್ನು ಫಾಲ್ಸ್ ಮಾಡಿದರೆ ಸಾಕಿತ್ತು. 2023ರ ಫ್ಲಾಸ್ಕ್ 2.3 ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು. ಈಗ ಆಪ್‌ನ ಜೇಸನ್ ಒಳಗಿನ 'ಎನ್‌ಶೂರ್ ಆಸ್ಕಿ'ಯನ್ನು ಫಾಲ್ಸ್ ಮಾಡಬೇಕು. ಹಳೇ ಸಾಲು ಅಂಟಿಸಿದರೆ ಎರರ್ ಬರುವುದಿಲ್ಲ, ಎಚ್ಚರಿಕೆಯೂ ಇಲ್ಲ. ಕನ್ನಡವೂ ಕಾಣುವುದಿಲ್ಲ. ನಂಬರ್ ಮಾತ್ರ 200, ಎಲ್ಲ ಸರಿ ಅಂತ.