ನಾಲ್ಕುನಾಡು ಅರಮನೆಯ ಜಗಲಿಯಲ್ಲಿ ಎರಡು ಗಂಟೆ

ಟೆಂಟನ್ನು ಗದ್ದೆಯ ಪಕ್ಕ, ತೋಡಿನ ಸದ್ದು ಕೇಳುವ ಕಡೆ ಹಾಕಬೇಕು ಅಂತ ನಾವು ಮೈಸೂರಿನಿಂದಲೇ ಮಾತಾಡಿಕೊಂಡು ಬಂದಿದ್ದೆವು. ಗೆಳೆಯನ ಅಮ್ಮ ಒಂದೇ ಮಾತಿನಲ್ಲಿ ಬೇಡ ಅಂದರು. "ಮೊನ್ನೆ ರಾತ್ರಿ ಅಲ್ಲಿ ಆನೆ ಬಂದು ಹೋಗಿದೆ ಮಕ್ಕಳೇ. ಕಣದಲ್ಲೇ ಹಾಕ್ಕೊಳ್ಳಿ. ಲೈಟ್ ಇದೆ, ಕೂಗಿದ್ರೆ ನನಗೂ ಕೇಳುತ್ತೆ."

ಕಣ ಅಂದರೆ ಕಾಫಿ ಒಣಗಿಸುವ ಕಣ. ನವೆಂಬರ್ ಕೊನೆಯ ವಾರ. ರೊಬಸ್ಟಾ ಕುಯ್ಲು ಇನ್ನೂ ಶುರುವಾಗಿರಲಿಲ್ಲ, ಹಾಗಾಗಿ ಸಿಮೆಂಟಿನ ಕಣ ಪೂರ್ತಿ ಖಾಲಿ. ನಾವು ನಾಲ್ಕು ಜನ, ಎರಡು ಟೆಂಟು. ಸಿಮೆಂಟಿಗೆ ಗೂಟ ಹೊಡೆಯಲಾಗುವುದಿಲ್ಲ ಅಲ್ವಾ, ಅದಕ್ಕೆ ಹಗ್ಗಗಳನ್ನು ಕಲ್ಲು ಕಟ್ಟಿ ಎಳೆದು ನಿಲ್ಲಿಸಿದೆವು. ಕೊಡಗಿನ ಕಕ್ಕಬ್ಬೆಯ ಹತ್ತಿರದ, ಗೆಳೆಯನ ಮನೆಯವರ ತೋಟ ಅದು. ಬೆಳಿಗ್ಗೆ ತಡಿಯಂಡಮೋಳ್ ಬೆಟ್ಟ ಹತ್ತುವುದು, ಸಂಜೆ ಇಳಿದು ಬಂದು ಇನ್ನೊಂದು ರಾತ್ರಿ ಅಲ್ಲೇ ಕಳೆಯುವುದು, ಇಷ್ಟೇ ನಮ್ಮ ಯೋಜನೆ. ಹಿಂದೆಲ್ಲಾ ಬೆಟ್ಟದ ಮೇಲೇ ಟೆಂಟ್ ಹಾಕಿ ಮಲಗುತ್ತಿದ್ದರು. ಈಗ ಅರಣ್ಯ ಇಲಾಖೆಯವರು ರಾತ್ರಿ ತಂಗಲು ಬಿಡುವುದಿಲ್ಲ. ಬಿಡದೇ ಇರುವುದೇ ಒಳ್ಳೆಯದು ಅನ್ನುವವಳು ನಾನು. ಜನ ಅಲ್ಲಿ ಬಿಟ್ಟು ಬರುತ್ತಿದ್ದ ಬಾಟಲಿಗಳ ಕಥೆಯನ್ನು ಗೆಳೆಯನ ಬಾಯಲ್ಲಿ ಕೇಳಿದ್ದೇನೆ.

ಆ ರಾತ್ರಿ ಅಕ್ಕಿ ರೊಟ್ಟಿ, ಪಂದಿ ಕರಿ. ಕಾಚಂಪುಳಿ ಹಾಕಿ ಕಪ್ಪಗೆ ಇಳಿಸಿದ ಕರಿ ಮನೆಯಲ್ಲಿ ಮಾಡಿದರೇನೇ ಸರಿ, ಹೋಟೆಲಿನಲ್ಲಿ ಆ ಹುಳಿ ಸಿಗುವುದಿಲ್ಲ. ನಮ್ಮಲ್ಲಿ ಮಂಡ್ಯದ ಗೆಳತಿಯೊಬ್ಬಳು ಮಾಂಸ ತಿನ್ನುವುದಿಲ್ಲ, ಅವಳಿಗೆ ಅಂತಲೇ ಆಂಟಿ ಬೇಂಬಳೆ ಮಾಡಿಟ್ಟಿದ್ದರು. ಎಳೆ ಬಿದಿರಿನ ಪಲ್ಯ. ಮಳೆಗಾಲದಲ್ಲಿ ತಂದು ಉಪ್ಪುನೀರಲ್ಲಿ ಹಾಕಿಟ್ಟಿದ್ದಂತೆ. ಹತ್ತು ಗಂಟೆಗೆ ಟೆಂಟಿನೊಳಗೆ ಸೇರಿಕೊಂಡೆವು. ಸಿಲ್ವರ್ ಓಕ್ ಮರದಿಂದ ಇಬ್ಬನಿ ತೊಟ್ಟಿಕ್ಕುವ ಸದ್ದು ರಾತ್ರಿಯಿಡೀ. ಟೆಂಟಿನ ಬಟ್ಟೆಗೆ ಒಂದೊಂದೇ ಹನಿ ಬೀಳುತ್ತಿತ್ತು, ಯಾರೋ ಬೆರಳಿನಿಂದ ತಟ್ಟಿ ಎಬ್ಬಿಸುತ್ತಿದ್ದಾರೇನೋ ಅನ್ನುವ ಹಾಗೆ.

ನಾನು ಹುಟ್ಟಿ ಬೆಳೆದದ್ದು ಕುಶಾಲನಗರದಲ್ಲಿ. ಅಂದರೆ ಕೊಡಗಿನವಳೇ. ಆದರೂ ಕಕ್ಕಬ್ಬೆಯ ಕಡೆ ಅಲ್ಲಿಯವರೆಗೆ ಒಮ್ಮೆಯೂ ಬಂದಿರಲಿಲ್ಲ. ಶಾಲೆಯ ಪ್ರವಾಸ ಅಂದರೆ ತಲಕಾವೇರಿ, ಭಾಗಮಂಡಲ, ರಾಜಾಸೀಟ್, ಮಡಿಕೇರಿಯಲ್ಲಿ ರಾಜರ ಸಮಾಧಿಗಳಿರುವ ಗದ್ದುಗೆ. ಗದ್ದುಗೆಯ ಗುಮ್ಮಟಗಳ ಮುಂದೆ ಸಾಲಾಗಿ ನಿಲ್ಲಿಸಿ ಮೇಷ್ಟ್ರು ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರ ಅಂತ ತೋರಿಸಿದ್ದು ನೆನಪಿದೆ. ಕೊನೆಯ ರಾಜ ಎಲ್ಲಿ ಅಂತ ನಮ್ಮಲ್ಲಿ ಯಾರೂ ಕೇಳಲಿಲ್ಲ.

ಬೆಳಿಗ್ಗೆ ಆರೂವರೆಗೆ ಹೊರಟೆವು. ದಾರಿ ಶುರುವಾಗುವುದೇ ನಾಲ್ಕುನಾಡು ಅರಮನೆಯ ಹತ್ತಿರದಿಂದ. ಬಾಗಿಲು ಇನ್ನೂ ತೆಗೆದಿರಲಿಲ್ಲ. ಇಳಿಯುವಾಗ ನೋಡೋಣ ಅಂತ ಮುಂದೆ ನಡೆದೆವು. ಚೆಕ್‌ಪೋಸ್ಟಿನಲ್ಲಿ ಹೆಸರು ಬರೆಸಿ, ಚೀಲ ತೋರಿಸಿ, ತೋಟ ದಾಟಿ ಕಾಡಿಗೆ ಬಿದ್ದೆವು. ಮಳೆಗಾಲದಲ್ಲಾದರೆ ಇಂಬಳ ಕಾಲಿಗೆ ಹತ್ತಿ ಸಾಕುಸಾಕು ಮಾಡುತ್ತದೆ. ಈಗ ನೆಲ ಒಣಗುತ್ತಾ ಬಂದಿತ್ತು, ಒಂದೆರಡು ಸಿಕ್ಕಿದವು ಅಷ್ಟೇ. ಕಾಡು ಮುಗಿದ ಮೇಲೆ ಹುಲ್ಲುಗಾವಲು, ಆಮೇಲೆ ಮತ್ತೆ ಶೋಲಾ ಕಾಡಿನ ಒಂದು ತುಂಡು, ಅದರೊಳಗೆ ಕತ್ತಲೆ, ತಣ್ಣಗೆ. ಕೊನೆಯ ಏರಿನಲ್ಲಿ ಉಸಿರು ಬಾಯಿಗೆ ಬಂತು. 1748 ಮೀಟರ್, ಕೊಡಗಿನಲ್ಲಿ ಇದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಮೇಲೆ ತಲುಪಿದಾಗ ಸುತ್ತ ಬರೀ ಮಂಜು. ಇಪ್ಪತ್ತು ನಿಮಿಷ ಕೂತೆವು. ಆಮೇಲೆ ಗಾಳಿ ಬೀಸಿ ಮಂಜು ಒಂದು ಕಡೆಯಿಂದ ಸೀಳಿಕೊಂಡು ಹೋಯಿತು, ಕೇರಳದ ಕಡೆಗೆ ಒಂದರ ಹಿಂದೆ ಒಂದು ಬೆಟ್ಟದ ಸಾಲು ಕಾಣಿಸಿತು. ಯಾರೂ ಫೋನ್ ತೆಗೆಯಲಿಲ್ಲ. ಮತ್ತೆ ಮುಚ್ಚಿಕೊಂಡ ಮೇಲೇ ನೆನಪಾದದ್ದು.

ಇಳಿಯುವಾಗ ಮಂಡ್ಯದ ಗೆಳತಿಯ ಕಾಲು ಉಳುಕಿತು. ದೊಡ್ಡ ಪೆಟ್ಟೇನಲ್ಲ, ಆದರೆ ನೋಡನೋಡುತ್ತಾ ಹಿಮ್ಮಡಿಯ ಮೇಲೆ ಊದಿಕೊಂಡಿತು. ಬ್ಯಾಂಡೇಜ್ ಸುತ್ತಿ, ಕೋಲು ಕೊಟ್ಟು, ಅವಳ ಚೀಲವನ್ನು ನಾವು ಹಂಚಿಕೊಂಡು ನಿಧಾನಕ್ಕೆ ಇಳಿಸಿಕೊಂಡು ಬಂದೆವು. ಅರಮನೆ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಜೀಪು ಬೇರೆ ಬಾಡಿಗೆಗೆ ಹೋಗಿದೆ, ನಾಲ್ಕಕ್ಕೆ ಬರುತ್ತೆ ಅಂದರು. ಹಾಗಾಗಿ ಎರಡು ಗಂಟೆ ಆ ಜಗಲಿಯ ಮೇಲೆ ಕೂರುವ ಯೋಗ ನಮ್ಮದಾಯಿತು. ಕಾಲು ಉಳುಕದೇ ಇದ್ದಿದ್ದರೆ ಹತ್ತು ನಿಮಿಷ ನೋಡಿ ಹೊರಟುಬಿಡುತ್ತಿದ್ದೆವು.

ಅರಮನೆ ಅಂದರೆ ಮೈಸೂರಿನದನ್ನು ನೆನೆಸಿಕೊಳ್ಳಬೇಡಿ. ಎರಡು ಅಂತಸ್ತಿನ ದೊಡ್ಡ ತೊಟ್ಟಿಮನೆಯ ಹಾಗಿದೆ. 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು. ಟಿಪ್ಪುವಿನ ಸೆರೆಯಲ್ಲಿದ್ದು ತಪ್ಪಿಸಿಕೊಂಡು ಬಂದ ರಾಜ ಅವನು, ಹಾಗಾಗಿ ಕಾಡಿನ ಮಧ್ಯೆ, ಬೆಟ್ಟದ ಬುಡದಲ್ಲಿ ಒಂದು ಮನೆ ಬೇಕು ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಕೆತ್ತನೆಯ ಮರದ ಕಂಬಗಳು, ಬಣ್ಣ ಮಾಸಿದ ಗೋಡೆ ಚಿತ್ರಗಳು, ಅಂಗಳದಲ್ಲಿ ಪುಟ್ಟ ಮದುವೆ ಮಂಟಪ. ನೋಡಿಕೊಳ್ಳುವವರು ಒಂದು ಕಿಟಕಿಯ ಹತ್ತಿರ ಕರೆದುಕೊಂಡು ಹೋದರು. "ಇಲ್ಲಿಂದ ನೋಡಿ, ಹೊರಗಿನವರು ನಿಮಗೆ ಕಾಣ್ತಾರೆ, ಅವರಿಗೆ ನೀವು ಕಾಣೋದಿಲ್ಲ." ನಾನು ಬಗ್ಗಿ ನೋಡಿದೆ. ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ ಗೆಳತಿ ಕಂಡಳು. ನೀರಿನ ಬಾಟಲಿ ಎತ್ತಿ ಕುಡಿಯುತ್ತಿದ್ದಳು. ಅವಳಿಗೆ ನಾನಿರುವುದು ಗೊತ್ತೇ ಆಗಲಿಲ್ಲ.

1834ರಲ್ಲಿ ಕಂಪನಿಯ ಸೈನ್ಯ ಕೊಡಗಿಗೆ ನುಗ್ಗಿದಾಗ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಬಂದು ಅಡಗಿದ್ದು ಈ ಮನೆಯಲ್ಲಿ. ಕ್ರೂರಿ ಅಂತ ಹೆಸರಾದವನು, ಜನ ಅವನಿಂದ ನೊಂದಿದ್ದರು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ಕಿಟಕಿಯಲ್ಲಿ ಬಗ್ಗಿ ನಿಂತಾಗ ನನ್ನ ಮೈ ಜುಂ ಅಂದಿತು. ಯಾಕೆಂದರೆ ಈ ಕಥೆಯ ಕೊನೆಯನ್ನು ನಾನು ಎರಡು ವರ್ಷದ ಹಿಂದೆಯೇ ನೋಡಿ ಬಂದಿದ್ದೆ. ಲಂಡನ್‌ನಲ್ಲಿ.

ಜಗಲಿಗೆ ಬಂದು ಕೂತು ಎಲ್ಲರಿಗೂ ಅದನ್ನು ಹೇಳಿದೆ.

ಆಫೀಸಿನ ಕೆಲಸಕ್ಕೆ ಮೂರು ತಿಂಗಳು ಲಂಡನ್‌ನಲ್ಲಿದ್ದೆ. ಶನಿವಾರ ಭಾನುವಾರ ಸುತ್ತಾಟ. ಸಮುದ್ರದ ಅಡಿಯ ಸುರಂಗದಲ್ಲಿ ಹೋಗುವ ರೈಲು ಹತ್ತಿ ಪ್ಯಾರಿಸ್‌ಗೆ ಹೋದೆ, ಇನ್ನೊಂದು ವಾರ ಆಮ್‌ಸ್ಟರ್‌ಡ್ಯಾಮ್. ಚೆನ್ನಾಗಿದ್ದವು, ಕಾಲುವೆಯ ದಂಡೆಯಲ್ಲಿ ಸಂಜೆ ನಡೆದದ್ದು ಈಗಲೂ ಖುಷಿ ಕೊಡುತ್ತದೆ. ಆದರೆ ಅವು ಎಲ್ಲರೂ ನೋಡುವ ಊರುಗಳು, ಎಲ್ಲರೂ ತೆಗೆಯುವ ಫೋಟೋಗಳು. ಒಂದು ದಿನ ಈ ತೋಟದ ಗೆಳೆಯನೇ ಫೋನಿನಲ್ಲಿ "ಅಲ್ಲೇ ಇದ್ದೀಯಲ್ಲ, ಗೌರಮ್ಮನ ಸಮಾಧಿ ನೋಡಿಕೊಂಡು ಬಾ" ಅಂದ. ಯಾವ ಗೌರಮ್ಮ ಅಂತ ಕೇಳಿದೆ. ಕೊಡಗಿನವಳಾಗಿ ಆ ಪ್ರಶ್ನೆ ಕೇಳಬೇಕಾಯಿತಲ್ಲ ಅಂತ ಆಮೇಲೆ ತುಂಬಾ ದಿನ ಬೇಜಾರಾಗಿತ್ತು.

ರಾಜ್ಯ ಹೋದ ಮೇಲೆ ಚಿಕ್ಕವೀರರಾಜೇಂದ್ರನನ್ನು ಮೊದಲು ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಕಳಿಸಿದರು. ಗೌರಮ್ಮ ಹುಟ್ಟಿದ್ದು 1841ರಲ್ಲಿ, ಕಾಶಿಯಲ್ಲಿ. ಕೊಡಗಿನ ರಾಜಕುಮಾರಿ, ಆದರೆ ಅವಳು ಹುಟ್ಟುವ ಹೊತ್ತಿಗೆ ಕೊಡಗು ಕೈಬಿಟ್ಟು ಏಳು ವರ್ಷವಾಗಿತ್ತು. 1852ರಲ್ಲಿ ಅಪ್ಪ ಅವಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಕಂಪನಿಯ ಹತ್ತಿರ ಉಳಿದಿದ್ದ ತನ್ನ ಮನೆತನದ ಹಣವನ್ನು ಕೇಳಿ ಪಡೆಯಬೇಕು ಅನ್ನುವುದು ಅವನ ಆಸೆ. ಅದೇ ವರ್ಷ ಆ ಹುಡುಗಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಇಟ್ಟಳು. ವಿಕ್ಟೋರಿಯಾ ಗೌರಮ್ಮ. ಹನ್ನೊಂದು ವರ್ಷದ ಮಗು. ಆಮೇಲೆ ಅವಳನ್ನು ಇಂಗ್ಲಿಷರ ಮನೆಗಳಲ್ಲೇ ಬೆಳೆಸಿದರು. ರಾಜ 1859ರಲ್ಲಿ ಅಲ್ಲೇ ತೀರಿಕೊಂಡ, ಕೆನ್ಸಲ್ ಗ್ರೀನ್ ಅನ್ನುವ ಕಡೆ ಮಣ್ಣು ಮಾಡಿದರು. ಅವಳು ಕ್ಯಾಂಪ್‌ಬೆಲ್ ಅನ್ನುವ ಸೇನಾಧಿಕಾರಿಯನ್ನು ಮದುವೆಯಾದಳು, ಒಂದು ಹೆಣ್ಣು ಮಗು ಆಯಿತು. 1864ರಲ್ಲಿ ತೀರಿಹೋದಳು. ಇಪ್ಪತ್ತೆರಡು ವರ್ಷ.

ಅವಳಿರುವುದು ಬ್ರಾಂಪ್ಟನ್ ಸ್ಮಶಾನದಲ್ಲಿ. ವೆಸ್ಟ್ ಬ್ರಾಂಪ್ಟನ್ ಸ್ಟೇಷನ್‌ನಲ್ಲಿ ಇಳಿದರೆ ಪಕ್ಕದಲ್ಲೇ. ನಾನು ಹೋದ ದಿನ ಸಣ್ಣಗೆ ಜಿಟಿಜಿಟಿ ಮಳೆ. ನಮ್ಮ ಜುಲೈ ತಿಂಗಳ ಮಳೆ ನೋಡಿದವರಿಗೆ ಅದನ್ನು ಮಳೆ ಅನ್ನಲು ಮನಸ್ಸು ಬರುವುದಿಲ್ಲ. ಸ್ಮಶಾನ ದೊಡ್ಡದು, ಮಧ್ಯದಲ್ಲಿ ಉದ್ದನೆಯ ದಾರಿ, ಎರಡೂ ಕಡೆ ವಾಲಿಕೊಂಡ ಕಲ್ಲುಗಳು, ಅವುಗಳ ಮೇಲೆ ಓಡಾಡುವ ಅಳಿಲುಗಳು. ಒಂದು ಗಂಟೆಗಿಂತ ಜಾಸ್ತಿ ಹುಡುಕಿದೆ. ಸಿಕ್ಕಾಗ ಸುಮ್ನೆ ನಿಂತುಬಿಟ್ಟೆ. ಅಕ್ಷರಗಳಲ್ಲಿ ಪಾಚಿ ತುಂಬಿತ್ತು. ಬೆರಳಿನಲ್ಲಿ ಒಂದೊಂದೇ ಅಕ್ಷರ ಸವರುತ್ತಾ ಹೋದೆ, ಗೌರಮ್ಮ ಅನ್ನುವ ಹೆಸರು ಸಿಕ್ಕಿತು, ಆಮೇಲೆ ಕೂರ್ಗ್ ಅನ್ನುವ ಪದ. ನಮ್ಮ ಬಸ್ಸುಗಳ ಮೇಲೆ, ಅಂಗಡಿಗಳ ಬೋರ್ಡಿನ ಮೇಲೆ ದಿನಾ ನೋಡುವ ಪದ. ಅಷ್ಟು ದೂರದಲ್ಲಿ, ಅಷ್ಟು ಹಳೆಯ ಕಲ್ಲಿನ ಮೇಲೆ ಅದನ್ನು ಓದಿ ಗಂಟಲು ಕಟ್ಟಿತು. ಅವಳು ಆ ಪದವನ್ನು ಹೆಸರಿನ ಜೊತೆ ಹೊತ್ತುಕೊಂಡು ಓಡಾಡಿದಳು, ಆದರೆ ಅಲ್ಲಿನ ಒಂದು ಬೆಟ್ಟವನ್ನೂ ಕಂಡವಳಲ್ಲ. ನಾನು ಇಲ್ಲೇ ಹುಟ್ಟಿದವಳು, ಅವಳ ಅಪ್ಪ ಕೊನೆಯದಾಗಿ ಅಡಗಿದ ಮನೆಯನ್ನು ನೋಡಲು ಲಂಡನ್ ಸುತ್ತಿಕೊಂಡು ಬರಬೇಕಾಯಿತು.

ಇದನ್ನು ಹೇಳಿ ಮುಗಿಸಿದಾಗ ಯಾರೂ ಮಾತಾಡಲಿಲ್ಲ. ಅರಮನೆಯ ಹಿಂದಿನ ಬೆಟ್ಟಕ್ಕೆ ಮತ್ತೆ ಮಂಜು ಇಳಿಯುತ್ತಿತ್ತು. ಮಂಡ್ಯದ ಗೆಳತಿ ಕೋಲು ಊರಿಕೊಂಡು ಎದ್ದು, ಕುಂಟುತ್ತಲೇ ಒಳಗೆ ಹೋಗಿ ಆ ಕಿಟಕಿಯಲ್ಲಿ ತಾನೂ ಬಗ್ಗಿ ನೋಡಿ ಬಂದಳು. "ಅವಳಿಗೆ ಅಪ್ಪ ಈ ಮನೆ ಹೀಗಿತ್ತು ಅಂತ ಹೇಳಿರ್ತಾನೆ ಅಲ್ವಾ?" ಅಂದಳು. ಹೇಳಿರಬಹುದು. ಹಡಗಿನಲ್ಲಿ ಅಷ್ಟು ದಿನದ ಪ್ರಯಾಣ, ಹೇಳಲು ಅವನ ಹತ್ತಿರ ಬೇರೆ ಏನಿತ್ತು ಅಂತ ನನಗೂ ಅನ್ನಿಸಿತು.

ಜೀಪು ನಾಲ್ಕೂಕಾಲಕ್ಕೆ ಬಂತು.

ಮಾರನೆಯ ದಿನ ಬೆಳಿಗ್ಗೆ ಟೆಂಟ್ ಮಡಿಸುವಾಗ ಆಂಟಿ ಬೆಲ್ಲದ ಕಾಫಿ ತಂದರು. ಹಾಲಿಲ್ಲದ ಕಪ್ಪು ಕಾಫಿ, ಉದ್ದ ಲೋಟದಲ್ಲಿ. ಹೊಗೆ ಮುಖಕ್ಕೆ ತಾಗಿಸಿಕೊಂಡು ಕುಡಿಯುತ್ತಿದ್ದಾಗ ಗೆಳೆಯ ನನ್ನ ಫೋನ್ ಇಸಕೊಂಡು ಅವನ ಅಮ್ಮನಿಗೆ ಸಮಾಧಿಯ ಫೋಟೋ ತೋರಿಸಿದ. ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಫೋಟೋವನ್ನು ದೊಡ್ಡದು ಮಾಡಿಸಿಕೊಂಡು ನೋಡಿದರು. ಇಂಗ್ಲಿಷ್ ಅಕ್ಷರಗಳನ್ನು ನಿಧಾನವಾಗಿ ಕೂಡಿಸಿ ಓದಿದರು. "ಗೌ-ರ-ಮ್ಮ."

ಸ್ವಲ್ಪ ಹೊತ್ತು ಹಾಗೇ ನೋಡುತ್ತಿದ್ದು ಕೇಳಿದರು. "ಪಾಪ, ಚಿಕ್ಕ ಹುಡುಗಿ. ಅಲ್ಲಿ ಚಳಿ ಜಾಸ್ತಿ ಅಲ್ವಾ ಮಗಾ?"

ಹೂಂ ಆಂಟಿ, ಜಾಸ್ತಿ ಅಂದೆ. ಅವರು ಫೋನ್ ಕೊಟ್ಟು, ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಹಾಕಿದರು.